ಮಾಳಿಗೆಯ ಮೇಲಿನ ಘಟ್ಟ

ದೇವರು ಇದ್ದಾನೋ ಇಲ್ಲವೋ ಎಂದು ನಾನು ನಮ್ಮ ಅತ್ತೆಯ ಜೊತೆ ಜಗಳವಾಡಿದಷ್ಟು ಬೇರೆ ಯಾರ ಜೊತೆಗೂ ಆಡಿಲ್ಲ. ಒಮ್ಮೆಯೂ ಗೆದ್ದಿಲ್ಲ. ಅವರು ವಾದದಲ್ಲಿ ಗಟ್ಟಿಗರು ಎಂದಲ್ಲ, ವಾದಕ್ಕೇ ನಿಲ್ಲುತ್ತಿರಲಿಲ್ಲ. ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು, ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ನಾನು ಬನಹಟ್ಟಿಯವಳು. ಮನೆಮನೆಯಲ್ಲೂ ಮಗ್ಗ ಬಡಿಯುವ ಊರು ಅದು. ಗಂಟಲು ಏರಿಸದಿದ್ದರೆ ಮಗ್ಗುಲಲ್ಲಿ ಕೂತವರಿಗೂ ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ಗಟ್ಟಿ ದನಿ ನನಗೆ ತವರಿನ ಬಳುವಳಿ. ಅದರ ಮೇಲೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಬೇರೆ ಪಾಸಾಗಿದ್ದೆ. ಆಗ ಮುಲ್ಕಿ ಪಾಸಾದ ಹುಡುಗಿ ಓಣಿಯಲ್ಲಿ ನಡೆದರೆ ಜನ ಹೊರಗೆ ಬಂದು ನೋಡುತ್ತಿದ್ದರು, ನಾನೂ ನೋಡಲಿ ಎಂದೇ ನಡೆಯುತ್ತಿದ್ದೆ. ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದ ಹೊಸದರಲ್ಲಿ ಜಮಖಂಡಿಗೆ ಸೊಸೆಯಾಗಿ ಬಂದೆ.

ಮಾವನವರು ಸಂಸ್ಥಾನದ ಪಾಗಾದಲ್ಲಿ, ಅಂದರೆ ಕುದುರೆ ಲಾಯದಲ್ಲಿ, ಮೇಲ್ವಿಚಾರಣೆಗೆ ಇದ್ದವರು. ಸಂಸ್ಥಾನ ಹೋಯಿತು, ಕುದುರೆಗಳು ಯಾರ್ಯಾರದೋ ಪಾಲಾದವು. ಮಾವನವರಿಗೆ ಉಳಿದದ್ದು ತಲೆಯ ರುಮಾಲು, ಮತ್ತೆ ಕುದುರೆಗೆ ಹೇಳಿದಂತೆ ಮನುಷ್ಯರಿಗೂ ಒಂದೇ ಶಬ್ದದಲ್ಲಿ ಹೇಳುವ ರೂಢಿ. "ನಿಲ್ಲು." "ನಡಿ." "ಸಾಕು." ನನ್ನ ಯಜಮಾನರಿಗೆ ಮುಧೋಳದ ಕಚೇರಿಯಲ್ಲಿ ಕಾರಕೂನಿಕೆ. ಶನಿವಾರ ಸಂಜೆಯ ಮೋಟಾರಿಗೆ ಬಂದು ಸೋಮವಾರ ನಸುಕಿನಲ್ಲಿ ಹೋಗುವವರು. ಹೊರಗೆ ಎಷ್ಟು ಮಾತಾಡಿದರೂ ಅಪ್ಪನ ಮುಂದೆ ಅವರ ಬಾಯಿಗೆ ಬೀಗ ಬೀಳುತ್ತಿತ್ತು.

ಅತ್ತೆ ಕೃಷ್ಣೆಯ ದಂಡೆಯ ತುಬಚಿಯವರು. ಪಾತ್ರೆ ತೊಳೆಯಲು ಕೂತರೆ ಅಂಗಳವೆಲ್ಲ ಕೆಸರು. "ಹೊಳಿ ದಂಡಿ ಕೈ" ಎಂದು ಮಾವನವರು ಗೊಣಗುತ್ತಿದ್ದರು.

ಮೊದಲ ನವರಾತ್ರಿಯಲ್ಲಿ ಅತ್ತೆ ದೇವರ ಮನೆಯಲ್ಲಿ ಘಟ್ಟ ಹಾಕುವುದನ್ನು ಬಾಗಿಲಿಗೆ ಆತು ನಿಂತು ನೋಡಿದೆ. ಬಿದಿರಿನ ಅಗಲ ಬುಟ್ಟಿಗೆ ಎಲೆ ಹಾಸಿ, ಹೊಲದಿಂದ ತರಿಸಿದ ಕರಿಮಣ್ಣನ್ನು ಸಾಣಿಗೆ ಹಿಡಿದು ಹರವಿ, ಜೋಳ ಗೋಧಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದರು. ನಡುವೆ ನೀರು ತುಂಬಿದ ತಂಬಿಗೆ ಇಟ್ಟು ದೀಪ ಹಚ್ಚಿದರು. ಅಲ್ಲಿಂದ ದಸರೆಯವರೆಗೆ ಆ ಬುಟ್ಟಿಯೇ ದೇವಿ. ಅದನ್ನು ಅಲುಗಿಸುವಂತಿಲ್ಲ, ದೀಪ ಆರುವಂತಿಲ್ಲ. ಸಸಿ ಚೆನ್ನಾಗಿ ಎದ್ದರೆ ದೇವಿ ಒಲಿದಿದ್ದಾಳೆ, ವರ್ಷ ಚೆನ್ನಾಗಿದೆ ಎಂದು ಲೆಕ್ಕ.

ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಅತ್ತಿ, ನೀರು ಬಿದ್ರ ಕಾಳು ಮೊಳಕಿ ಒಡದ ಒಡೀತಾವ್ರಿ. ಇದರಾಗ ದೇವಿದೇನೈತಿ? ದೇವರ ಇಲ್ಲದ ಜಾಗಾದಾಗ ಹಾಕಿದ್ರೂ ಏಳತಾವ."

"ಏಳವಲ್ಲವು ಅಂತ ನಾ ಎಲ್ಲಿ ಅಂದೆ?" ಎಂದರು ಅತ್ತೆ. "ದೇವರ ಇಲ್ಲದ ಜಾಗಾ ಎಲ್ಲೈತಿ, ಮದಲ ಅದನ್ನ ಹುಡಕವಾ. ಆಮ್ಯಾಲ ಹಾಕೀಯಂತ."

ಸೆರಗು ಬಾಯಿಗೆ ಹೋಯಿತು. ನಾನು ಅಡಿಗೆಮನೆಗೆ ಹೋಗಿ ರೊಟ್ಟಿ ಹಿಟ್ಟಿನ ಮೇಲೆ ಸಿಟ್ಟು ತೀರಿಸಿಕೊಂಡೆ.

ಮರುವರ್ಷ ನವರಾತ್ರಿ ಹತ್ತಿರ ಬಂದಾಗ ಧಾರವಾಡದಿಂದ ಕರೆಯ ಕಾಗದ ಬಂತು. ಮಾಸ್ತರಿಕೆ ಕಲಿಸುವ ಟ್ರೇನಿಂಗ್ ಕಾಲೇಜಿಗೆ ಯಜಮಾನರು ಸದ್ದಿಲ್ಲದೆ ನನ್ನ ಹೆಸರು ಕಳಿಸಿದ್ದರು. ದೀಪಾವಳಿಯಾದ ಮೇಲೆ ಬಂದು ಸೇರಬೇಕು. ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಕ್ಕಳ ಮುಂದೆ ನಿಂತು ಪಾಠ ಹೇಳಬೇಕು ಎನ್ನುವುದೊಂದೇ ನಾನು ಸಣ್ಣವಳಿದ್ದಾಗಿನಿಂದ ಕಂಡ ಕನಸು.

ಮಾವನವರು ಕೇಳಿಸಿಕೊಂಡು "ಬ್ಯಾಡ" ಎಂದರು. ಸ್ವಲ್ಪ ಹೊತ್ತಾದ ಮೇಲೆ, ನಮಗೆ ಅರ್ಥವಾಗಲಿಲ್ಲವೇನೋ ಎಂದು ಇನ್ನೊಂದು ಮಾತು ಸೇರಿಸಿದರು. "ಪಾಗಾದವನ ಸೊಸಿ ಪಗಾರಕ್ಕ ದುಡೀತಾಳಂತ ಮಂದಿ ಆಡ್ಕೋಬೇಕೇನು?"

ಆಗ ಅತ್ತೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಮೆತ್ತಗೆ ಹೇಳಿದರು. "ನೀವು ಬ್ಯಾಡ ಅಂತೀರಿ, ಹುಡುಗಿ ಹೋಗತೇನಿ ಅಂತೈತಿ. ನಮ್ಮ ನಮ್ಮೊಳಗ ಜಗಳ ಯಾಕ? ತಾಯಿನ್ನ ಕೇಳೂಣು. ಈ ಸಲ ಘಟ್ಟ ಛಲೋ ಎದ್ರ ಹೋಗಲಿ. ಏಳಲಿಲ್ಲ ಅಂದ್ರ ಮನ್ಯಾಗ ಇರಲಿ."

ದೇವಿಯ ಮಾತಿಗೆ ಮಾವನವರು ಎದುರಾಡುವವರಲ್ಲ. "ಆತು" ಎಂದು ಎದ್ದು ಹೋದರು.

ಒಳಗೆ ಬಂದ ಅತ್ತೆ ನನ್ನ ತೋಳು ಚಿವುಟಿದರು. "ಇಷ್ಟ ವರ್ಷ ಗೇಣುದ್ದ ಎದ್ದ ಘಟ್ಟ ಈ ವರ್ಷ ಏಳದ ಎಲ್ಲಿ ಹೊಕ್ಕೈತಿ? ಗಂಟು ಕಟ್ಟು."

ಅವರ ಜಾಣತನಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಲ್ಕಿ ಪಾಸಾದವಳ ಬಾಳನ್ನು ಒಂದು ಹಿಡಿ ಜೋಳ ತೀರ್ಮಾನಿಸಬೇಕೇ? ಕೋಪ ನೆತ್ತಿಗೇರಿತು. ಅದೇ ಕೋಪದಲ್ಲಿ, ಅವರು ಘಟ್ಟ ಹಾಕಿದ ದಿನವೇ, ಉಳಿದ ಮಣ್ಣು ಕಾಳು ತೆಗೆದುಕೊಂಡು ಮಾಳಿಗೆ ಹತ್ತಿದೆ. ಒಲೆಗೆಂದು ಒಟ್ಟಿದ್ದ ಕುಳ್ಳಿನ, ಅಂದರೆ ಬೆರಣಿಯ, ರಾಶಿಯ ಹಿಂದೆ, ಬಿಸಿಲು ಬೀಳುವಲ್ಲಿ, ಹಳೆಯ ಬುಟ್ಟಿಯೊಂದರಲ್ಲಿ ನನ್ನದೇ ಬಿತ್ತನೆ ಮಾಡಿದೆ. ಕುಂಕುಮವಿಲ್ಲ, ದೀಪವಿಲ್ಲ. ಬೇಕೆಂದೇ ಮೈ ತೊಳೆಯದೆ ಹಾಕಿದೆ. ಗುಬ್ಬಿ ಹೆಕ್ಕದಂತೆ ಮೇಲೊಂದು ತೆಳು ಅರಿವೆ ಕಟ್ಟಿದೆ. ಕೆಳಗಿನದು ಕೈಕೊಟ್ಟರೆ ಇದನ್ನು ಮಾವನವರ ಮುಂದೆ ಹಿಡಿಯುವುದು, ದೇವಿಯಿಲ್ಲದೆಯೂ ಏಳುತ್ತದೆ, ಇದರಲ್ಲಿ ಅಪ್ಪಣೆಯೂ ಇಲ್ಲ ಗಿಪ್ಪಣೆಯೂ ಇಲ್ಲ ಎಂದು ತೋರಿಸುವುದು, ಇದು ನನ್ನ ಹಂಚಿಕೆ.

ಬೇರೆ ವರ್ಷ ಅತ್ತೆ ಬೆಳಿಗ್ಗೆ ಒಮ್ಮೆ ಬೆರಳು ಅದ್ದಿ ನೀರು ಚಿಮುಕಿಸಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಈ ವರ್ಷ ಅವರಿಗೆ ತಡೆಯಲಾಗಲಿಲ್ಲ. ಹೋಗುತ್ತ ಬರುತ್ತ ಇಣುಕಿದರು. ಇಣುಕಿದಾಗೊಮ್ಮೆ ನೀರು. ಹೊಳೆ ದಂಡೆಯ ಕೈ, ಅದರಲ್ಲೂ ಸೊಸೆಯ ಮೇಲಿನ ಅಂತಃಕರಣ. ನಾಲ್ಕೈದು ದಿನಕ್ಕೆ ದೇವರ ಮನೆಯಿಂದ ಹುಳಿ ವಾಸನೆ ಬರತೊಡಗಿತು. ಕಾಳು ಕೊಳೆತಿತ್ತು. ಅಲ್ಲೊಂದು ಇಲ್ಲೊಂದು ಮೊಳಕೆ ಬೆಳ್ಳಗೆ ತಲೆ ಎತ್ತಿ ಅಲ್ಲೇ ಬಾಗಿತ್ತು.

ಯಾರೂ ಇಲ್ಲದಾಗ ನಾನು ಆ ಬುಟ್ಟಿಯ ಮುಂದೆ ನಿಂತೆ. "ತಾಯಿ, ಇದೊಂದು ಸಲ ಏಳವಾ" ಎಂದು ಬಾಯಿಂದ ಹೊರಟೇಬಿಟ್ಟಿತು. ಕೈ ಕೂಡ ಜೋಡಿಸಿದ್ದೆ. ನಾಲಗೆ ಕಚ್ಚಿಕೊಂಡು ಹೊರಗೆ ಓಡಿದೆ. ಈಗ ನೆನೆದರೂ ನಗು ಬರುತ್ತದೆ.

ಅತ್ತೆಗೆ ಮಾತ್ರ ನಗು ಹಾರಿಹೋಗಿತ್ತು. ಏಳನೆಯ ದಿನ, ಮಾವನವರು ಸಂತೆಗೆ ಹೋಗಿದ್ದಾಗ, ಅವರು ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ಬಿಟ್ಟು ಸುಮ್ಮನೆ ಕೂತಿದ್ದರು. ಹಂಚು ಬರಿದೇ ಕಾಯುತ್ತಿತ್ತು.

"ಆಕಿನ್ನ ನಾ ಎಂದೂ ಏನೂ ಬೇಡಿಲ್ಲ. ನಿನ್ನ ಸಲುವಾಗಿ ಒಂದ ಸಲ ಬೇಡಿದೆ. ಒಲ್ಲೆ ಅಂದ್ಲು" ಎಂದರು. ಕಣ್ಣಲ್ಲಿ ನೀರು.

ಧಾರವಾಡ ಹಾಳಾಗಲಿ, ಈ ಜೀವ ಹೀಗೆ ಕೂರಬಾರದು ಎನಿಸಿತು. "ದೇವಿ ಒಲ್ಲೆ ಅಂದಿಲ್ಲರೀ, ನೀವು ನೀರು ಹೆಚ್ಚು ಹಾಕೀರಿ. ಬರ್ರಿ, ತೋರಸ್ತೀನಿ" ಎಂದು ಕೈಹಿಡಿದು ಏಣಿ ಹತ್ತಿಸಿದೆ. ಕುಳ್ಳಿನ ಹಿಂದೆ ಕರೆದೊಯ್ದು ಅರಿವೆ ತೆಗೆದೆ.

ಬುಟ್ಟಿ ತುಂಬ ಸಸಿ. ಹಚ್ಚಗೆ, ಒತ್ತಾಗಿ, ಗಾಳಿಗೆ ಒಲೆಯುತ್ತಿದ್ದವು.

"ನೋಡ್ರಿ, ಇಲ್ಲಿ ಪೂಜಿ ಇಲ್ಲ, ಮಂತ್ರ ಇಲ್ಲ. ಹದಾ ನೀರು, ಬಿಸಲು, ಇಷ್ಟ. ದೇವಿ ಸಂಬಂಧನ ಇಲ್ಲ ಇದಕ್ಕ" ಎಂದು ನನ್ನ ಮೊದಲ ಪಾಠ ಶುರುಮಾಡಿದೆ. ಕೇಳಬೇಕಾದವರು ಅಷ್ಟರಲ್ಲಿ ಮೊಣಕಾಲೂರಿ ಕೂತಿದ್ದರು.

"ಅಯ್ಯ ನನ್ನವ್ವಾ! ಇಲ್ಲಿ ಬಂದು ಕುಂತೀಯೇನ!" ಎಂದು ಎರಡೂ ಕೈಯಿಂದ ಸಸಿ ಸವರಿ ಕಣ್ಣಿಗೆ ಒತ್ತಿಕೊಂಡರು.

"ಅತ್ತಿ! ನಾ ಮೈ ಸೈತ ತೊಳದಿರಲಿಲ್ಲ ಇದನ್ನ ಹಾಕುಮುಂದ!"

"ಅದಕ್ಕ ಬಂದಾಳ. ಕೆಳಗ ನಾ ಏಳ ಏಳ ಅಂತ ಕಾಡಿ ಆಕಿ ಜೀವಾ ತಿಂದೆ. ಇಲ್ಲಿ ಯಾರೂ ಏನೂ ಕೇಳಿಲ್ಲ. ಆರಾಮ ಕುಂತಾಳ." ಅಷ್ಟು ದಿನದ ಮೇಲೆ ಸೆರಗು ಬಾಯಿಗೆ ಹೋಯಿತು.

ನಾನು ತಂದ ಪುರಾವೆಯೆಲ್ಲ ಅವರ ಪಾಲಾಯಿತು. ಸಿಟ್ಟು ಬರಬೇಕಾದಲ್ಲಿ ನಗು ಬಂತು. ಇಬ್ಬರೂ ಕುಳ್ಳಿನ ಮರೆಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಅತ್ತೆ ಎದ್ದು ಸೆರಗು ಸಿಕ್ಕಿಸಿದರು. ಬೇರು ಹೆಣೆದು ಮಣ್ಣು ಚಾಪೆಯಾಗಿತ್ತು. ಅದನ್ನು ಇಡಿಯಾಗಿ ಎಬ್ಬಿಸಿ ಮೊರದಲ್ಲಿ ಇಟ್ಟುಕೊಂಡರು.

"ಘಟ್ಟ ಅಲುಗಾಡಸಬಾರದು ಅಂತ ನೀವ ಹೇಳ್ತಿದ್ರಿ."

"ಅಲುಗಾಡಸಾಕ ಕೆಳಗ ಏನ್ ಉಳದೈತಿ? ಆಕಿ ಎದ್ದು ಮ್ಯಾಲ ಬಂದಾಳ. ಮನಿಗೆ ಕರಕೊಂಡು ಹೊಂಟೇನಿ."

"ಇದು ಮೋಸ ಅಲ್ಲೇನ್ರಿ?"

"ಯಾರಿಗೆ?" ಎಂದರು ಅತ್ತೆ.

ಮುಲ್ಕಿ ಪಾಸಾದವಳು ನಾನು ಮೊದಲು ಏಣಿ ಇಳಿದು, ಕೆಳಗಿನಿಂದ ಮೊರಕ್ಕೆ ಕೈ ಚಾಚಿದೆ. ದೇವರ ಮನೆಯಲ್ಲಿ ಅವರು ಕೊಳೆತ ಮಣ್ಣು ತೆಗೆದು ಹೊಸ ಸಸಿ ಕೂರಿಸುವವರೆಗೆ ನಡುವಿನ ತಂಬಿಗೆಯನ್ನು ಎತ್ತಿ ಹಿಡಿದವಳು ನಾನು. ದೇವರಿಲ್ಲ ಎನ್ನುವವಳು ಉಸಿರು ಬಿಗಿಹಿಡಿದು, ಒಂದು ಹನಿ ತುಳುಕದಂತೆ ನಿಂತಿದ್ದೆ.

ನವರಾತ್ರಿಯಲ್ಲಿ ಮಾವನವರು ಘಟ್ಟದ ಮುಂದೆ ಕೂರುವುದು ಆಯುಧ ಪೂಜೆಯ ದಿನ ಮಾತ್ರ. ಅಂದು ಸ್ನಾನ ಮಾಡಿ ರುಮಾಲು ಸುತ್ತಿ ದೇವರ ಮನೆಗೆ ಬಂದರು. ಬುಟ್ಟಿಯ ಮುಂದೆ ಕೂತು ದೀಪ ಹತ್ತಿರ ಎಳೆದುಕೊಂಡರು.

"ಹಸರು" ಎಂದರು.

ಸಿಕ್ಕಿಬಿದ್ದೆವು ಎಂದುಕೊಂಡೆ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಪ್ರತಿ ವರ್ಷ ಸಸಿ ಬಂಗಾರದಂತೆ ಹಳದಿಯಾಗಿ ಏಳುತ್ತಿತ್ತು. ಬೆಳಕಿಲ್ಲದೆ ಹಸಿರು ಬರುವುದಿಲ್ಲ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವಳು ನಾನು, ಅದನ್ನೇ ಮರೆತಿದ್ದೆ. ಮಾವನವರಾದರೋ ಬಾಳೆಲ್ಲ ಕುದುರೆಗೆ ಮೇವು ನೋಡಿದವರು. ಒಂದು ಸಸಿ ಕಿತ್ತರು, ಮೂಸಿದರು, ತುದಿಯನ್ನು ಹಲ್ಲಲ್ಲಿ ಕಡಿದರು. ಅತ್ತೆ ಏನೂ ಅರಿಯದ ಕೂಸಿನಂತೆ ದೀಪ ನೋಡುತ್ತಿದ್ದರು.

"ಬಿಸಲು ಕಂಡ ಸಸಿ ಇದು" ಎಂದರು ಮಾವನವರು. ಕಡಿದ ಸಸಿಯನ್ನು ಬೆರಳಲ್ಲಿ ತಿರುಗಿಸಿದರು. ಆಮೇಲೆ ತಲೆ ಎತ್ತಿದರು. ನೋಡಿದ್ದು ಬುಟ್ಟಿಯನ್ನಲ್ಲ, ಬಾಗಿಲಲ್ಲಿ ಸೆರಗು ಹೊದ್ದು ನಿಂತ ನನ್ನನ್ನು. "ಬಿಸಲು ಕಂಡದ್ದನ್ನ ತಂದು ಕತ್ತಲ್ಯಾಗ ಇಟ್ರ ಬಣ್ಣ ಹೊಕ್ಕೈತಿ. ಹೋಗಲಿ ಧಾರವಾಡಕ್ಕ."

ಒಂದು ಹಿಡಿ ಸಸಿ ಕಿತ್ತು, ಹಬ್ಬದ ರೂಢಿಯಂತೆ ರುಮಾಲಿಗೆ ಸಿಕ್ಕಿಸಿಕೊಂಡು ಎದ್ದು ಹೋದರು. ನಾನು ಆ ಮನೆಯಲ್ಲಿ ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ನಾನು ಬಾಗಿಲಿಗೆ ಹಣೆ ಹಚ್ಚಿ ಸಂತೋಷಕ್ಕೆ ಅತ್ತುಬಿಟ್ಟೆ.

ದಸರೆಯ ದಿನ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎನ್ನುತ್ತ ಬಂದವರೆಲ್ಲ ಅವರ ರುಮಾಲು ನೋಡಿ ಕೇಳುವವರೇ, ಇದೇನು ಹಸರು ಘಟ್ಟ ಎಂದು. "ನಮ್ಮ ತಾಯಿ ಈ ವರ್ಷ ಬಿಸಲಿಗೆ ಕುಂತಿದ್ಲು" ಎಂದು ಮಾವನವರು ಗಂಭೀರವಾಗಿ ಹೇಳಿದರು. ನನ್ನ ಯಜಮಾನರು ಏನೂ ತಿಳಿಯದೆ ಮುಖ ಮುಖ ನೋಡಿದರು.

ಗಂಟು ಕಟ್ಟುವ ದಿನ ನಾನು ಕೊನೆಯ ಜಗಳ ತೆಗೆದೆ. "ಮಾವನವರಿಗೆ ಎಲ್ಲಾ ತಿಳದಿತ್ರಿ, ಅತ್ತಿ. ಹೂಂ ಅಂದವರು ಅವರು, ದೇವಿ ಅಲ್ಲ."

"ಇಷ್ಟ ವರ್ಷ ಬಾಳೇವು ಮಾಡೇನಿ ಅವರ ಜೋಡಿ" ಎಂದರು ಅತ್ತೆ. "ಒಮ್ಮೆ ಬ್ಯಾಡ ಅಂದವರು ಮತ್ತ ಹೂಂ ಅಂದದ್ದು ಖರೇನ ಎಂದೂ ನೋಡಿಲ್ಲ. ನಿನಗ ಇನ್ನೇನು ಪುರಾವಿ ಬೇಕ?"

ಮೋಟಾರು ಹೊರಡುವಾಗ ಅರಿವೆಯಲ್ಲಿ ಕಟ್ಟಿದ ಜೋಳದ ಸಣ್ಣ ಗಂಟೊಂದನ್ನು ನನ್ನ ಕೈಯಲ್ಲಿಟ್ಟರು. "ಬರೂ ನವರಾತ್ರಿಗೆ ಅಲ್ಲೇ ಹಾಕು. ನಂಬೂದು ಬಿಡೂದು ನಿಂದು. ಆದ್ರ ಏನೂ ಕೇಳಬ್ಯಾಡ, ನೀರು ಹದಾ ಹಾಕು."

ದೇವರಿದ್ದಾನೆ ಎಂದು ನಾನು ಇಂದಿಗೂ ಎದೆ ತಟ್ಟಿ ಹೇಳಲಾರೆ. ಆದರೆ ಮುಂದಿನ ನವರಾತ್ರಿಗೆ ಧಾರವಾಡದ ಕೋಣೆಯ ಕಿಟಕಿಯಲ್ಲಿ ಒಂದು ಬುಟ್ಟಿ ಇಟ್ಟೆ. ಈ ಸಲ ಮೈ ತೊಳೆದುಕೊಂಡೇ ಇಟ್ಟೆ. ಬೆಳಿಗ್ಗೆ ಒಮ್ಮೆ ನೀರು ಚಿಮುಕಿಸಿ ಪಾಠಕ್ಕೆ ಹೋಗುತ್ತಿದ್ದೆ, ಏನೂ ಕೇಳಲಿಲ್ಲ. ಹಚ್ಚಗೆ ಎದ್ದಿತು. ದಸರೆಯ ರಜೆಗೆ ಒಂದು ಹಿಡಿ ಕಿತ್ತು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು, ಅತ್ತೆಗೆ ತೋರಿಸಲು ಜಮಖಂಡಿಯ ಮೋಟಾರು ಹತ್ತಿದೆ.