ಕೈಗವಸು ಹಾಕದ ಡೆಲ್ಮಾ

ಕನ್ನಮುಲ್ಲಾ ಊರಿನಂಚಿನ ತಗಡಿನ ಶೆಡ್ಡು. ಬೆಳಗಿನ ಐದೂವರೆಯಾದರೂ ಡೆಲ್ಮಾ ಕೀಗನ್ ದೀಪ ಹಾಕಿಲ್ಲ. ಗುಂಡು ಹಾರಿಸಿ ಖಾಲಿಯಾದ ಹಿತ್ತಾಳೆ ತೋಟೆಯ ಬುಡವನ್ನು ಬರಿ ಬೆರಳಲ್ಲಿ ಹಿಡಿದು, ಅದರ ಬಾಯಿಯ ಕಡೆಯ ಕತ್ತನ್ನು ಗ್ಯಾಸಿನ ಉರಿಗೆ ಒಡ್ಡಿ ತಿರುಗಿಸುತ್ತಿದ್ದಾರೆ. ಕೆಂಪಿನ ಸುಳಿವು ಕಂಡದ್ದೇ ತಡ, ತೋಟೆ ನೀರಿನ ಬಕೆಟ್ಟಿಗೆ ಬಿದ್ದು ಚುಂಯ್ ಎನ್ನುತ್ತದೆ.

"ಬೆಳಕಿದ್ರೆ ಆ ಬಣ್ಣ ಕಾಣಲ್ಲ. ಕಾಣೋ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ," ಎನ್ನುತ್ತಾರೆ.

ಇಲ್ಲಿನ ಕಾಂಗರೂ ಬೇಟೆಗಾರರು ತೋಟೆ ಎಸೆಯುವವರಲ್ಲ. ಮದ್ದು ತುಂಬಿ ಮತ್ತೆ ಮತ್ತೆ ಹಾರಿಸುತ್ತಾರೆ. ನಾಲ್ಕೈದು ಸಲಕ್ಕೆ ಕತ್ತು ಗಡುಸಾಗಿ ಸೀಳು ಬಿಡುತ್ತದೆ. ಕಾಯಿಸಿದರೆ ಮೆತ್ತಗಾಗಿ ಇನ್ನಷ್ಟು ಬಾಳುತ್ತದೆ. ಆದರೆ ಬುಡ ಮೆತ್ತಗಾದರೆ ಕೋವಿ ಹೊಡೆದವನ ಮುಖಕ್ಕೇ ಸಿಡಿಯುತ್ತದೆ. ಕುರಿ ಉಣ್ಣೆ ಕತ್ತರಿಸುವವರಿಗೆ ಅಡುಗೆ ಮಾಡುತ್ತಿದ್ದ ಡೆಲ್ಮಾ ಗಂಡನಿಂದ ಇದನ್ನು ಕಲಿತರು. ಗಂಡ ತೀರಿಕೊಂಡ ಮೇಲೆ ಇಪ್ಪತ್ತಮೂರು ವರ್ಷಗಳಿಂದ ಒಬ್ಬರೇ, ಬಿಸಿಲೇರುವುದರೊಳಗೆ ಇನ್ನೂರು ತೋಟೆ. ಗುರಿ ಹೊಡೆಯುವ ಸ್ಪರ್ಧೆಯಲ್ಲಿ ಗೆದ್ದವರ ಫೋಟೋ ಊರಿನ ಕೋವಿ ಕ್ಲಬ್ಬಿನ ಗೋಡೆಯ ತುಂಬ ಇದೆ. ಡೆಲ್ಮಾ ಅವರದು ಒಂದೂ ಇಲ್ಲ.

ಈ ವರ್ಷ ಜುಲೈಯಲ್ಲಿ, ಇಲ್ಲಿನ ಚಳಿಗಾಲದಲ್ಲಿ, ಅವರು ಒಮ್ಮೆ ಎಡವಿದರು. ಬೆರಳು ಮರಗಟ್ಟಿದ್ದರಿಂದ ಚರ್ಮದ ಕೈಗವಸು ಹಾಕಿಕೊಂಡರು. ಬರಿ ಬೆರಳಿಗೆ ತಟ್ಟಬೇಕಿದ್ದ ಬುಡದ ಬಿಸಿ ಗವಸಿನೊಳಗೆ ಗೊತ್ತಾಗುವಷ್ಟರಲ್ಲಿ ಹನ್ನೊಂದು ತೋಟೆ ಕೆಟ್ಟುಹೋಗಿದ್ದವು. ಅವು ಅದೇ ಊರಿನ ಲೈಲ್ ಟ್ರೆಗಿಯವರ ಅಪ್ಪನ ಕೋವಿಯವು. ಅಂಥ ತೋಟೆಯನ್ನು ಈಗ ಯಾರೂ ಮಾಡುವುದಿಲ್ಲ. ಲೈಲ್ ಹತ್ತಿರ ಉಳಿದಿದ್ದುದೇ ಹದಿನೆಂಟು. ಉಜ್ಜಿ ಹೊಳಪು ಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಡೆಲ್ಮಾ ಹನ್ನೊಂದನ್ನೂ ಯಾರೂ ಮತ್ತೆ ಮದ್ದು ತುಂಬದಂತೆ ಇಕ್ಕಳದಲ್ಲಿ ಜಜ್ಜಿ, ತಾವೇ ಲೈಲ್ ಮನೆಗೆ ಒಯ್ದರು.

"ತಲೆ ಎಲ್ಲಿಟ್ಟಿದ್ದೆ ಮಾರಾಯ್ತಿ? ಅಪ್ಪನ ಕೋವಿಗೆ ಇನ್ನು ಕಡಲೆಕಾಯಿ ತುಂಬ್ಲಾ?"

"ಬೈಕೋ. ನಿನ್ನ ಕಣ್ಣು ಹೋಗೋದಕ್ಕಿಂತ ಇದು ವಾಸಿ."

ಲೈಲ್ ಬಾಗಿಲು ಹಾಕಿಕೊಂಡರು. ಆಗಸ್ಟ್ ಸ್ಪರ್ಧೆಗೆ ಹತ್ತು ಗುಂಡು ಬೇಕು. ಪ್ರತಿ ವರ್ಷ ಆ ಕೋವಿಯಿಂದಲೇ ಹೊಡೆಯುತ್ತಿದ್ದವರು ಈ ಸಲ ಹೋಗಲಿಲ್ಲ. ಡೆಲ್ಮಾ ಅವರಿಗೆ ಅದು ಈಗಲೂ ನೋಯುತ್ತದೆ.

ಇವತ್ತು ಬೆಂಚಿನ ಮೇಲೆ ಕೊನೆಗೆ ಉಳಿದಿರುವುದು ಏಳು ತೋಟೆ. ಬಾಗಿಲಲ್ಲಿ ಟೀ ಲೋಟ ಹಿಡಿದು ಲೈಲ್ ನಿಂತಿದ್ದಾರೆ. ನಾಳೆ ಅಪ್ಪನ ಹುಟ್ಟುಹಬ್ಬ; ಅಪ್ಪನ ಹೆಸರಲ್ಲಿ ಹಾರಿಸಲು ಏಳೇ ಸಾಕಂತೆ.

"ಬೇರೆಯವರ ಹತ್ರ ಕೊಡಬಹುದಿತ್ತಲ್ಲ?" ಡೆಲ್ಮಾ ಕೇಳುತ್ತಾರೆ.

"ಅವರು ಕೆಡಿಸಿದ್ರೆ ನಂಗೆ ಹೇಳ್ತಾರಾ?"

ಡೆಲ್ಮಾ ಬೆರಳಿಗೆ ಬಾಯಿಂದ ಬಿಸಿಯುಸಿರು ಊದಿಕೊಂಡು, ಮೊದಲನೆಯದನ್ನು ಎತ್ತಿಕೊಳ್ಳುತ್ತಾರೆ.