ಹಿಂಜದ ಗಾದಿ

ಮುಂಜಾನೆ ಓಣಿಯಲ್ಲಿ ಅರಳೆ ಹಿಂಜುವ ಪಿಂಜಾರನ ಬಿಲ್ಲಿನ ಸದ್ದು ಕೇಳಿ, ಬ್ಯಾಳಿಗೆ ಒಗ್ಗರಣೆ ಹಾಕುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಸಾಸಿವೆ ಸೀದವು. ಯಾವ ಸದ್ದು ಕೇಳಿದರೂ ಏನಾದರೂ ಹಳೆಯದು ನೆನಪಾಗಿ ಅಡಿಗೆ ಕೆಡುವುದು ನಮ್ಮ ಮನೆಯಲ್ಲಿ ಹೊಸದಲ್ಲ. ಆದರೆ ಈ ಸದ್ದಿನ ಮಾತೇ ಬೇರೆ. ನನ್ನ ಅಟ್ಟದ ಮೇಲೆ ಕಾಕಾನ ಗಾದಿ ಇದೆ.

ಕಾಕಾ ಹುಬ್ಬಳ್ಳಿಯಲ್ಲಿ ಅರಳೆಯ ವ್ಯಾಪಾರಿ; ಲಗ್ನವಾಗುವ ತನಕ ನಾನು ಬೆಳೆದದ್ದು ಅವರ ಮನೆಯಲ್ಲೇ. ವರ್ಷಕ್ಕೊಮ್ಮೆ ಗಾದಿ ಹಿಂಜಲು ಹುಸೇನಸಾಬ ಬರುತ್ತಿದ್ದ. ಮಗಳ ಲಗ್ನಕ್ಕೆಂದು ಕೂಡಿಸಿದ ಹಣವನ್ನೆಲ್ಲ ಕಾಕಾನ ಹತ್ತಿರವೇ ಇಟ್ಟಿದ್ದ. ಬಡ್ಡಿಯಿಲ್ಲ, ಚೀಟಿಯಿಲ್ಲ.

ಅರಳೆಯ ಧಾರಣೆ ಬಿದ್ದ ವರ್ಷ ಕಾಕಾ ಮುಳುಗಿದರು. ದಿವಾಳಿ ಅರ್ಜಿ ಕೊಟ್ಟರೆ ಆಸ್ತಿಯೆಲ್ಲ ಕೋರ್ಟಿನ ಕೈಗೆ. ಸಾಲ ಕೊಟ್ಟವರಿಗೆಲ್ಲ ರೂಪಾಯಿಗೆ ಇಷ್ಟು ಆಣೆ ಎಂದು ಹಂಚಿಕೆ. ಅರ್ಜಿಗೆ ಮುಂಚೆಯೇ ಕಾಕಾ ಹುಸೇನಸಾಬನನ್ನು ಕರೆಸಿ ಅವನದನ್ನು ಪೂರ್ತಿ ಕೊಟ್ಟುಬಿಟ್ಟರು.

"ಉಳದವ್ರು ಬಡ್ಡಿ ತಿಂದಾರ. ಇಂವಾ ನಂಬಿ ಇಟ್ಟಾನ."

ಧಾರವಾಡದ ವಕೀಲರು ಹಣೆ ಒತ್ತಿಕೊಂಡರು. "ಒಬ್ಬಾವಗ ಮೊದಲ ಕೊಟ್ರ ಉಳದವ್ರಿಗೆ ಮೋಸ ಅಂತೈತ್ರಿ ಕಾಯ್ದೆ. ಯಾವಾಗ ಕೊಟ್ರಿ ಅಂತ ಕೇಳಿದ್ರ ನೆನಪಿಲ್ಲ ಅಂದಬಿಡ್ರಿ."

"ಹೋದ ಸೋಮವಾರ ಕೊಟ್ಟದ್ದು ಹೆಂಗ ಮರೀಲಿ, ವಕೀಲರ?"

ಕೋರ್ಟಿನಲ್ಲೂ ಕೊಟ್ಟ ದಿನವನ್ನು ಇದ್ದಂತೆಯೇ ಹೇಳಿದರು. ಕೊಟ್ಟದ್ದು ರದ್ದಾಯಿತು; ಹಣ ಕೋರ್ಟಿಗೆ ಮರಳಬೇಕಾಯಿತು. ಅಷ್ಟರಲ್ಲಿ ಹುಸೇನಸಾಬ ಬೀಗರಿಗೆ ಮಾತು ಕೊಟ್ಟು, ಆ ಹಣದಲ್ಲಿ ಬಂಗಾರವನ್ನೂ ತಂದಿದ್ದ. ಅದನ್ನು ಮಾರಿ ಕೋರ್ಟಿಗೆ ಕಟ್ಟಿದ. ಮಗಳ ಸಂಬಂಧ ಮುರಿಯಿತು.

ಒಮ್ಮೆ ಬಂದು ಹೊಸ್ತಿಲಾಚೆಯೇ ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಕೊಡದಿದ್ರ ಛಲೋ ಇತ್ರಿ, ಸಾವಕಾರ್ರ. ರೊಕ್ಕ ಇಲ್ಲ ಅಂತ ಬೀಗರಿಗೆ ಮೊದಲ ಹೇಳತಿದ್ದೆ."

ಆಮೇಲೆ ನಮ್ಮ ಓಣಿಗೆ ಕಾಲಿಡಲಿಲ್ಲ.

ಅಡಿಗೆ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಇವಿಷ್ಟನ್ನು ಕಾಯ್ದೆ ಮುಟ್ಟುವುದಿಲ್ಲವಂತೆ. ಹಾಗಾಗಿ ಗಾದಿ ಉಳಿಯಿತು. ಬೇರೆ ಪಿಂಜಾರರು ಬಂದರೆ ಕಾಕಾ, "ಹುಸೇನ ಬರ್ಲಿ, ಹಿಂಜಿಸೂಣು," ಎನ್ನುತ್ತಿದ್ದರು. ಕೊನೆಯ ತನಕ ಆ ಗಂಟುಗಟ್ಟಿದ ಅರಳೆಯ ಮೇಲೆಯೇ ಮಲಗಿದರು.

ಇವತ್ತು ಆ ಪಿಂಜಾರನನ್ನು ಕರೆದು ಗಾದಿಯನ್ನು ಕೆಳಗಿಳಿಸಿದೆ. ಪಿಂಜಾರ ಒತ್ತಿ ನೋಡಿ, "ಅಕ್ಕಾರ, ಅರಳಿ ಕಲ್ಲಾಗೇತ್ರಿ. ಒಗದು ಹೊಸಾದು ತುಂಬಿಸ್ರಿ," ಎಂದ.

ಎಸೆಯಲಾಗಲಿಲ್ಲ. ಮತ್ತೆ ಸುತ್ತಿಟ್ಟು, ಹಿಂಜಲು ನನ್ನ ತಲೆದಿಂಬನ್ನು ತಂದು ಕೊಟ್ಟೆ. ಜೊತೆಗೇ ಕೂಲಿಯನ್ನೂ ಅವನ ಅಂಗೈಯಲ್ಲಿಟ್ಟೆ. ಮುಂಗಡವೆಂದರೆ ಮುಖ ತಿರುಗಿಸುವವಳು ನಾನು. ಹಾಲಿನವಳನ್ನು ಕೇಳಿ ನೋಡಿ.

"ಕೆಲಸಾನ ಆಗಿಲ್ಲಲ್ರಿ, ಅಕ್ಕಾರ?"

"ಇರ್ಲಿ, ತಗೋ ತಮ್ಮಾ," ಎಂದೆ. "ಇದನ್ನ ಯಾರೂ ಕಸಗೊಳ್ಳೂದಿಲ್ಲ."