ಬೆಟಾಲಿಯನ್ ರೇವಣಸಿದ್ದಯ್ಯ
ಬಸವೇಶ್ವರನಗರದ ಪಾರ್ಕಿನಲ್ಲಿ ರೇವಣಸಿದ್ದಯ್ಯನವರನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ ಎಂಬುದು ಅವರ ಹೆಂಡತಿ ನೀಲಮ್ಮನಿಗೆ ಚೆನ್ನಾಗಿ ಗೊತ್ತು. ಬಂದೂಕನ್ನು ಬ್ಯಾಂಕಿನ ಕಾವಲುಗಾರನ ಹೆಗಲ ಮೇಲಷ್ಟೇ ಕಂಡಿರುವ ಈ ನಿವೃತ್ತ ಗುಮಾಸ್ತರು, ಕೈಗೆ ಸಿಕ್ಕವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು, "ನಮ್ಮಲ್ಲಿ ಬೆಟಾಲಿಯನ್ ನಡೆಸೋಕೆ ಕರ್ನಲ್ಲೇ ಬೇಕು ಸಾರ್, ಬ್ರಿಟನ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ಸಾಕು, ರಷ್ಯಾದಲ್ಲಿ ಮೇಜರೂ ನಿಭಾಯಿಸ್ತಾನೆ" ಎಂದು ಶುರು ಮಾಡಿದರೆ ಎದುರಿಗಿದ್ದವರ ಕೈಯ ಕಾಫಿ ಆರಿಹೋಗುತ್ತದೆ. ಈ ವಿದ್ಯೆಯೆಲ್ಲ ಮಧ್ಯಾಹ್ನ ಮಂಚದ ಮೇಲೆ ಮಲಗಿ ನೋಡಿದ ವಿಡಿಯೋಗಳ ಪ್ರಸಾದ. ಯಾವ ದೇಶದಲ್ಲಿ ಕಮಾಂಡರ್ ಸತ್ತರೆ ಯಾರು ಮುಂದೆ ಬರಬೇಕೆಂಬುದನ್ನು ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಾರೆ. ವಾಕಿಂಗ್ ಗೆಳೆಯರನ್ನು ಸೇನೆಯ ಹಾಗೆ ಕಂಪನಿಗಳಾಗಿ ವಿಂಗಡಿಸಿ, ಮಂಡಿನೋವಿನವರನ್ನು ರಿಸರ್ವ್‌ನಲ್ಲಿ ಇಟ್ಟಿದ್ದಾರೆ. ಬೀದಿನಾಯಿ ಗುರ್ರೆಂದರೆ ಮಾತ್ರ ಸ್ವತಃ ನೀಲಮ್ಮನ ಬೆನ್ನ ಹಿಂದೆ ಸರಿದು ನಿಲ್ಲುತ್ತಾರೆ. "ಇದು ಯಾವ ದೇಶದ ಪದ್ಧತಿ ರೀ?" ಎಂದು ಆಕೆ ಎಲ್ಲರೆದುರೇ ಕೇಳಿದರೂ ಅವರಿಗೆ ನಾಚಿಕೆಯಿಲ್ಲ. ಆದರೆ ಅವರ ಒಬ್ಬಳೇ ಮಗಳು ವಚನಾ ನಿಜವಾಗಿಯೂ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದಾಳೆ, ಗಡಿಯಲ್ಲಿದ್ದಾಳೆ. ಆ ವಿಷಯವನ್ನು ಪಾರ್ಕಿನಲ್ಲಿ ಅವರು ಯಾರಿಗೂ ಹೇಳಿಲ್ಲ. ಗಡಿಯಿಂದ ಅವಳು ಪ್ರತಿ ಸಲ ಬೇರೆ ಬೇರೆ ನಂಬರಿನಿಂದ ಫೋನ್ ಮಾಡುತ್ತಾಳೆ. ಗೊತ್ತಿಲ್ಲದ ನಂಬರ್ ಕಂಡ ಕೂಡಲೇ ರೇವಣಸಿದ್ದಯ್ಯ, "ನೀಲಾ, ನೀನೇ ತಗೋ" ಎಂದು ಫೋನನ್ನು ಹೆಂಡತಿಯ ಕೈಗೆ ತುರುಕಿ, ಬಾಗಿಲ ಚೌಕಟ್ಟು ಹಿಡಿದು ನಿಂತು ಆಕೆಯ ಮುಖವನ್ನೇ ನೋಡುತ್ತಾರೆ. ಆಕೆ ನಕ್ಕ ಮೇಲಷ್ಟೇ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಊಟ ಆಯ್ತಾ ಕೇಳು" ಎನ್ನುತ್ತಾರೆ.